ಒಂದೇ ದಿಕ್ಕಿಗೆ ತಿರುಗುವ ಬಳೆ

ಮಾರ್ಚ್ 3, ಮಂಗಳವಾರ

ಇಂದು ಬೆಳಗ್ಗೆ ಕಾಫಿಯ ಹೊತ್ತಿಗೆ ಮೊಮ್ಮಗಳು ಒಂದು ಗೊತ್ತುವಳಿ ಮಂಡಿಸಿದಳು. ಕಾಲೇಜಿನ ಗೆಳತಿಯರೊಡನೆ ತಾನೂ ಆಳದ ನೀರಿನಲ್ಲಿ ಮುಳುಗುವ ತರಬೇತಿಗೆ ಸೇರಬೇಕು. ಇಳಿಯುವಾಗ ತನ್ನ ತಾಯಿಯ ಕೈಗಡಿಯಾರವನ್ನೇ ಕಟ್ಟಿಕೊಳ್ಳಬೇಕು. ನಾನು ವಿರೋಧಿಸಿದೆ.

ಅವಳ ತಾಯಿ, ಎಂದರೆ ನನ್ನ ಮಗಳು, ತೀರಿಕೊಂಡು ಬರುವ ತಿಂಗಳಿಗೆ ಎರಡು ವರ್ಷ. ಸೇತುವೆಯ ಕಂಬಗಳನ್ನೂ ಅಣೆಕಟ್ಟಿನ ಬಾಗಿಲುಗಳನ್ನೂ ನೀರಿನಡಿಗೆ ಹೋಗಿ ತಪಾಸಣೆ ಮಾಡುವುದು ಅವಳ ಉದ್ಯೋಗವಾಗಿತ್ತು. ನಾನಾದರೋ ನಿವೃತ್ತನಾಗುವವರೆಗೆ ಲಿಫ್ಟುಗಳನ್ನು ತಪಾಸಣೆ ಮಾಡಿದವನು. ನನ್ನ ಸಹಿಯಿಲ್ಲದೆ ಈ ನಗರದಲ್ಲಿ ಯಾರೂ ಮೇಲಕ್ಕೆ ಹೋಗುತ್ತಿರಲಿಲ್ಲ ಎಂಬುದನ್ನು ಮೊಮ್ಮಗಳಿಗೆ ನೆನಪಿಸಿದೆ.

“ಈಗ ಕೆಳಕ್ಕೆ ಹೋಗೋಕೂ ನಿಮ್ಮ ಸಹಿ ಬೇಕು ಅನ್ನಿ,” ಎಂದಳು ನನ್ನ ಹೆಂಡತಿ, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ.

“ನೀರು ನಂಬಿಕೆಗೆ ಅರ್ಹವಾದ ವಸ್ತುವಲ್ಲ,” ಎಂದೆ.

“ತಾತ, ಅಮ್ಮನ್ನ ನೀರು ಏನೂ ಮಾಡ್ಲಿಲ್ಲ. ಅಮ್ಮ ಹೋಗಿದ್ದು ಆಫೀಸಿನ ಮೆಟ್ಟಿಲ ಮೇಲೆ, ತಲೆಯೊಳಗಿನ ನರ ಒಡೆದು. ಒಣ ನೆಲ. ಹಾಗಂತ ನಾನು ನೆಲದ ಮೇಲೆ ಓಡಾಡೋದು ಬಿಟ್ಬಿಡ್ಲಾ?”

ಕಾಲೇಜಿನಲ್ಲಿ ಓದಿದಷ್ಟು ವರ್ಷವೂ ಚರ್ಚಾಸ್ಪರ್ಧೆಯ ಪಾರಿತೋಷಕವನ್ನು ಬೇರೆಯವರ ಮನೆಗೆ ಹೋಗಲು ಬಿಡದವನು ನಾನು. ಈ ವಾದಕ್ಕೆ ಉತ್ತರವಿದೆ. ಈ ಕ್ಷಣಕ್ಕೆ ಹೊಳೆಯುತ್ತಿಲ್ಲ, ಅಷ್ಟೆ.

ಆದ್ದರಿಂದ ಚರ್ಚೆಯನ್ನು ಗಡಿಯಾರದ ಕಡೆಗೆ ಹೊರಳಿಸಿದೆ. ಅದು ನನ್ನ ಮೇಜಿನ ಡ್ರಾಯರಿನಲ್ಲಿ ನಿಂತುಹೋಗಿ ಬಿದ್ದಿದೆ. ಒಡತಿ ಹೋದ ಎರಡು ದಿನಕ್ಕೇ ಕೈಕೊಟ್ಟ ಯಂತ್ರವನ್ನು ಕಟ್ಟಿಕೊಂಡು ಯಾರಾದರೂ ನೀರಿಗೆ ಇಳಿಯುವುದುಂಟೆ?

“ರಿಪೇರಿ ಮಾಡ್ಸಿ, ನೀರಿನ ಒತ್ತಡದ ಪರೀಕ್ಷೇಲಿ ಪಾಸಾದ್ರೆ?”

“ಪಾಸಾದರೆ ಹೋಗು. ಆಗದಿದ್ದರೆ ಈ ಮಾತನ್ನು ಮತ್ತೆ ಎತ್ತಕೂಡದು. ಒಂದೇ ಪರೀಕ್ಷೆ. ಮರುಪರೀಕ್ಷೆ ಇಲ್ಲ.”

“ಆಯ್ತು. ಫೇಲಾದ್ರೆ ನಾನು ಉಸಿರೆತ್ತಲ್ಲ.”

ಹೆಂಡತಿ ಚಮಚದಿಂದ ಬಟ್ಟಲಿಗೆ ಟಣ್ಣನೆ ಬಡಿದಳು. “ಅಧ್ಯಕ್ಷೆ ಕೇಳಿಸ್ಕೊಂಡಿದಾಳೆ. ಇಬ್ರೂ ಆಮೇಲೆ ನಾಲಿಗೆ ಹೊರಳಿಸೋ ಹಾಗಿಲ್ಲ.”

ಮೊಮ್ಮಗಳು ಮಾತು ತಪ್ಪುವವಳಲ್ಲ. ಆ ಗುಣ ಅವಳಿಗೆ ತಾಯಿಯ ಕಡೆಯಿಂದ ಬಂದದ್ದು. ಎಂದರೆ ನನ್ನ ಕಡೆಯಿಂದ. ಗೆಲುವಿನ ವಿಷಯದಲ್ಲಿ ನನಗೆ ಸಂಶಯವಿಲ್ಲ. ಹಳೆಯ ಯಂತ್ರಗಳನ್ನು ನಾನು ಬಲ್ಲೆ.

ಮಾರ್ಚ್ 5, ಗುರುವಾರ

ಟೈಲರ್ ಅಂಗಡಿಗೂ ನಕಲಿ ಬೀಗದಕೈ ಮಾಡುವವನ ಗೂಡಿಗೂ ನಡುವೆ ಸಿಕ್ಕಿಕೊಂಡಿರುವ ಒಂದು ಗಾಜಿನ ಬಾಗಿಲಿನ ಅಂಗಡಿ. ರಿಪೇರಿ ಮಾಡುವಾಕೆ ಐವತ್ತರ ಆಸುಪಾಸಿನವರು. ಕೂದಲಿಗೆ ಕಪ್ಪೆಂದರೆ ಕಪ್ಪು ಬಣ್ಣ, ಹಣೆಯ ಮೇಲಕ್ಕೆ ಸರಿಸಿದ ಭೂತಗನ್ನಡಿ, ಬಾಯಲ್ಲಿ ಸದಾ ಒಂದು ಪೆಪ್ಪರ್‌ಮಿಂಟು. ಗೋಡೆಯ ತುಂಬ ಗಡಿಯಾರಗಳು. ಒಂದರ ಹೊತ್ತು ಇನ್ನೊಂದಕ್ಕೆ ತಾಳೆಯಾಗುತ್ತಿರಲಿಲ್ಲ. ಇದು ವೃತ್ತಿಗೆ ಶೋಭೆಯಲ್ಲವೆಂದು ಸೂಚಿಸಿದೆ.

“ಅವೆಲ್ಲ ರೋಗಿಗಳು ಸಾರ್. ಆಸ್ಪತ್ರೆಗೆ ಬಂದು, ಇಲ್ಲಿ ಯಾಕೆ ಎಲ್ರಿಗೂ ಜ್ವರ ಅಂತ ಕೇಳ್ತೀರಾ?”

ಮೊಮ್ಮಗಳು ನಕ್ಕಳು. ನಾನು ಮಗಳ ಗಡಿಯಾರವನ್ನು ಗಾಜಿನ ಮೇಜಿನ ಮೇಲಿಟ್ಟು, ಇದು ಸತ್ತುಹೋಗಿದೆ ಎಂದೆ.

ಆಕೆ ಅದನ್ನು ಎತ್ತಿಕೊಂಡು, ಮಗುವಿಗೆ ಗಿಲಕಿ ಆಡಿಸುವಂತೆ ನಾಲ್ಕು ಸಲ ಆಡಿಸಿ ನನ್ನ ಕಿವಿಗೆ ಹಿಡಿದರು. ಓಡುತ್ತಿತ್ತು.

“ಇದು ಕೈಯ ಚಲನೆಯಿಂದ ಓಡೋ ವಾಚು. ಕೈ ಇಲ್ದಿದ್ರೆ ಎರಡು ದಿನಕ್ಕೆ ನಿಲ್ಲತ್ತೆ. ನಿಮ್ಮನ್ನೇ ಎರಡು ವರ್ಷ ಡ್ರಾಯರಲ್ಲಿ ಮಲಗ್ಸಿದ್ರೆ ನೀವು ಓಡ್ತೀರಾ?”

ನನ್ನ ಮೊದಲ ಅಂಶ ಹೀಗೆ ಬಿದ್ದುಹೋಯಿತು. ಆದರೆ ಬಿಟ್ಟುಕೊಡಲಿಲ್ಲ. ಎಣ್ಣೆ ಒಣಗಿದೆ, ನೀರನ್ನು ತಡೆಯುವ ರಬ್ಬರ್ ಉಂಗುರಗಳು ಗಟ್ಟಿಯಾಗಿವೆ, ಪೂರ್ತಿ ಬಿಚ್ಚಬೇಕು ಎಂದು ಆಕೆಯೇ ಒಪ್ಪಿದರು. ಅಷ್ಟಕ್ಕೇ ನಿಲ್ಲದೆ, “ನನ್ನ ಕೈಯಿಂದ ನೀರಿಗೆ ಹೋದ ಒಂದು ವಾಚೂ ಇವತ್ತಿನವರೆಗೂ ದೂರು ಹೊತ್ಕೊಂಡು ವಾಪಸ್ ಬಂದಿಲ್ಲ,” ಎಂದು ಎದೆಯುಬ್ಬಿಸಿದರು.

“ಅವುಗಳ ಮಾಲೀಕರು ವಾಪಸ್ ಬಂದಿದ್ದಾರೆಯೇ?” ಎಂದು ಕೇಳಿದೆ.

ಪೆಪ್ಪರ್‌ಮಿಂಟು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಹೋಯಿತು. ಆಮೇಲೆ ಆಕೆ ನಕ್ಕ ನಗುವಿಗೆ ಪಕ್ಕದ ಟೈಲರ್ ಹೊಲಿಗೆ ನಿಲ್ಲಿಸಿ ಇಣುಕಿದ.

ಒಂದು ಅಂಕ ಆಕೆಗೆ, ಒಂದು ನನಗೆ.

ಮಾರ್ಚ್ 6, ಶುಕ್ರವಾರ

ಒಣ ನೆಲದ ಕುರಿತ ವಾದಕ್ಕೆ ಉತ್ತರ ಇನ್ನೂ ಹೊಳೆದಿಲ್ಲ.

ಮಾರ್ಚ್ 12, ಗುರುವಾರ

ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಅಂಗಡಿಗೆ ಹೋದೆ. ಎದುರು ಪಕ್ಷದ ಸಿದ್ಧತೆಯನ್ನು ತಿಳಿದುಕೊಳ್ಳುವುದು ಚರ್ಚಾಪಟುವಿನ ಕರ್ತವ್ಯ.

ಗಡಿಯಾರದ ಗಾಜಿನ ಸುತ್ತ ಒಂದು ಹಲ್ಲಿನ ಬಳೆಯಿದೆ. ಮುಳುಗುವವರು ನೀರಿಗೆ ಇಳಿಯುವ ಹೊತ್ತಿಗೆ ಅದರ ಮೇಲಿನ ಗುರುತನ್ನು ನಿಮಿಷದ ಮುಳ್ಳಿಗೆ ಹೊಂದಿಸುತ್ತಾರೆ; ಎಷ್ಟು ಹೊತ್ತು ಕೆಳಗಿದ್ದೆವೆಂದು ಆಮೇಲೆ ನೋಡಿದ ಕೂಡಲೇ ತಿಳಿಯುತ್ತದೆ. ಈ ಬಳೆ ಒಂದೇ ದಿಕ್ಕಿಗೆ ತಿರುಗುತ್ತದೆ. ಇನ್ನೊಂದು ದಿಕ್ಕಿಗೆ ತಿರುಗಿಸಲು ನಾನು ಬಲ ಹಾಕಿದೆ, ಜಗ್ಗಲಿಲ್ಲ. ಕೆಟ್ಟಿದೆ ಎಂದು ಸಂತೋಷದಿಂದ ಘೋಷಿಸಿದೆ.

“ಕೆಟ್ಟಿಲ್ಲ ಸಾರ್, ಅದು ಇರೋದೇ ಹಾಗೆ,” ಎಂದರು ಆಕೆ. “ಕೆಳಗೆ ಕಲ್ಲಿಗೋ ಕಂಬಕ್ಕೋ ತಾಗಿ ಬಳೆ ಸರಿದ್ರೂ, ‘ಜಾಸ್ತಿ ಹೊತ್ತಾಯ್ತು, ಮೇಲೆ ಬಾ’ ಅಂತಾನೇ ಹೇಳತ್ತೆ. ‘ಇನ್ನೂ ಟೈಮಿದೆ, ಆರಾಮಾಗಿರು’ ಅಂತ ಯಾವತ್ತೂ ಹೇಳಲ್ಲ. ತಪ್ಪಾದ್ರೂ ಬದುಕೋ ಕಡೆಗೇ ತಪ್ಪಾಗತ್ತೆ.”

ಲಿಫ್ಟಿನ ಹಗ್ಗ ಹರಿದರೆ ಬ್ರೇಕು ತಾನಾಗಿ ಹಳಿಯನ್ನು ಕಚ್ಚಿ ನಿಲ್ಲಿಸುವ ತತ್ವವೂ ಇದೇ ಎಂದು ಆಕೆಗೆ ವಿವರಿಸಿದೆ. ವಿವರಣೆ ತುಸು ದೀರ್ಘವಾಯಿತೆಂದು ಕಾಣುತ್ತದೆ. ಟೈಲರ್ ಕೂಡ ಬಂದು ಕೇಳಿಸಿಕೊಂಡು ಹೋದ. ಈ ಬಳೆಯನ್ನು ರೂಪಿಸಿದವನು ಯಾರೋ ನನ್ನ ಪಕ್ಷದವನು. ಹೀಗೆ ಬರೆದ ಮಾತ್ರಕ್ಕೆ ನಾನು ಗಡಿಯಾರದ ಪಕ್ಷದವನಾಗುವುದಿಲ್ಲ.

ಬಳೆಯನ್ನು ಬಿಚ್ಚಿ ಬಿಳಿಯ ಕಾಗದದ ಮೇಲೆ ತಟ್ಟಿದಾಗ ಅದರ ಅಡಿಯಿಂದ ಚಿಟಿಕೆಯಷ್ಟು ಮರಳು ಉದುರಿತು. ಬೂದು ಬಣ್ಣ, ಹಿಟ್ಟಿನಷ್ಟು ನಯ. ಯಾವ ಸೇತುವೆಯ ಬುಡದ್ದೋ. ಆಕೆ ಊದಲು ಬಾಯಿ ತೆರೆದರು.

“ಊದಬೇಡಿ,” ಎಂದೆ.

“ಕಸ ಸಾರ್.”

“ಸಾಕ್ಷ್ಯ. ಕಟ್ಟಿಕೊಡಿ.”

ಆಕೆ ಏನೂ ಕೇಳದೆ ಕಾಗದವನ್ನು ಮಡಿಸಿ ಕೊಟ್ಟರು. ಒಂದು ಪೆಪ್ಪರ್‌ಮಿಂಟನ್ನೂ ಕೊಟ್ಟರು. ನಾನು ಸಿಹಿ ತಿನ್ನುವವನಲ್ಲ. ನಿರಾಕರಿಸುವುದು ಸೌಜನ್ಯವಲ್ಲವೆಂದು ಬಾಯಿಗೆ ಹಾಕಿಕೊಂಡೆ.

ಮಾರ್ಚ್ 20, ಶುಕ್ರವಾರ

ಇಂದು ಭರ್ಜರಿ ಜಯ.

ರಿಪೇರಿಯಾಕೆ ಪರೀಕ್ಷಾಯಂತ್ರವನ್ನು ತೋರಿಸಿದರು. ದಪ್ಪ ಗಾಜಿನ ಕೊಳವೆ, ಅರ್ಧದವರೆಗೆ ನೀರು, ಪಕ್ಕದಲ್ಲಿ ಒತ್ತಡ ತೋರುವ ಮುಳ್ಳು. ಮೊದಲು ಗಡಿಯಾರವನ್ನು ನೀರಿನ ಮೇಲೆ ತೂಗುಬಿಟ್ಟು ಗಾಳಿಯ ಒತ್ತಡ ಏರಿಸುತ್ತಾರೆ. ಎಲ್ಲಾದರೂ ಬಿರುಕಿದ್ದರೆ ಗಾಳಿ ಒಳಗೆ ನುಗ್ಗುತ್ತದೆ. ಆಮೇಲೆ ಗಡಿಯಾರವನ್ನು ನೀರಿಗಿಳಿಸಿ ಒತ್ತಡವನ್ನು ಮೆಲ್ಲಗೆ ಬಿಡುತ್ತಾರೆ. ಒಳಹೊಕ್ಕ ಗಾಳಿ ಆಗ ಗುಳ್ಳೆಯಾಗಿ ಹೊರಬರುತ್ತದೆ. ಗುಳ್ಳೆ ಎದ್ದರೆ ಫೇಲು.

“ಈ ಮುಳ್ಳು ಸರಿಯಾಗಿ ತೋರಿಸುತ್ತದೆಂದು ಯಾರು ಹೇಳಿದರು? ಇದನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ?” ಎಂದು ಕೇಳಿದೆ.

ಆಕೆ ಮುಳ್ಳನ್ನು ನೋಡಿದರು. ನನ್ನನ್ನು ನೋಡಿದರು. ಟೈಲರ್ ಕರೆದನೆಂದು ಹೇಳಿ ಹೊರಗೆ ಹೋದರು. ಟೈಲರ್ ಕರೆದಿರಲಿಲ್ಲ.

ಮರಳಿ ಬಂದು, “ನೀವು ಲಿಫ್ಟಿನೋರಿಗೆ ಎಷ್ಟು ಕಾಟ ಕೊಟ್ಟಿರಬೇಡ!” ಎಂದರು. ಆದರೆ ಮುಳ್ಳನ್ನು ಬಿಚ್ಚಿ ತಪಾಸಣೆಗೆ ಕಳಿಸಲು ಒಪ್ಪಿದರು. ಹೊಸ ರಬ್ಬರ್ ಉಂಗುರವೂ ಬಂದಿತ್ತು. ಅದು ಬೇರೆ ಅಳತೆಯದು. “ಕಳಿಸಿದವನು ಕುರುಡ,” ಎಂದು ಬೈದರು. ಚೀಟಿಯಲ್ಲಿ ಅಳತೆಯನ್ನು ಬರೆದುಕೊಟ್ಟ ಕೈ ಯಾರದೆಂದು ನಾನು ವಿಚಾರಿಸಿದೆ. ಪೆಪ್ಪರ್‌ಮಿಂಟು ಸಿಗಲಿಲ್ಲ.

ಹೀಗೆ ಪರೀಕ್ಷೆ ಮುಂದಕ್ಕೆ ಹೋಯಿತು. ತರಬೇತಿ ಶುರುವಾಗುವುದು ಏಪ್ರಿಲ್ ಹನ್ನೊಂದಕ್ಕೆ. ತಡವಾದರೆ ವಿರೋಧಪಕ್ಷಕ್ಕೆ ಲಾಭ. ಆದರೂ ಸಂಜೆ ಎರಡು ಸಲ ಫೋನು ಮಾಡಿ, ಹೊಸ ಉಂಗುರಕ್ಕೆ ಬರೆದಿರಾ ಎಂದು ವಿಚಾರಿಸಿದೆ. ತಡದಿಂದ ಗೆಲ್ಲುವುದು ಗೆಲುವಲ್ಲ.

ಮಾರ್ಚ್ 21, ಶನಿವಾರ

ನಾನು ಸ್ನಾನದ ಮನೆಯಲ್ಲಿ ಹಾಡುತ್ತಿದ್ದೆನೆಂದು ಹೆಂಡತಿ ಆಪಾದಿಸಿದಳು. ನಿರಾಧಾರ.

ಏಪ್ರಿಲ್ 2, ಗುರುವಾರ

ನಡೆದದ್ದನ್ನು ಕ್ರಮವಾಗಿ ಬರೆಯಬೇಕು.

ಮುಳ್ಳು ತಪಾಸಣೆಯಾಗಿ ಬಂದಿತ್ತು. ಸರಿಯಾದ ಉಂಗುರವೂ ಬಂದಿತ್ತು. ಮೊಮ್ಮಗಳು ಕಾಲೇಜಿನಿಂದ ನೇರವಾಗಿ ಅಂಗಡಿಗೆ ಬಂದಳು. ರಿಪೇರಿಯಾಕೆ ಉಂಗುರಕ್ಕೆ ಜಿಡ್ಡು ಸವರಿ ಕೂರಿಸಿ, ಗಡಿಯಾರದ ಬೆನ್ನನ್ನು ಮುಚ್ಚಿ ತಿರುಪಿದರು. ಮುಚ್ಚುವವರೆಗೂ ನಾನು ಬಗ್ಗಿ, ತೀರ ಹತ್ತಿರದಿಂದ, ಉಂಗುರ ಎಲ್ಲಿಯೂ ಮುರುಟದೆ ಕೂತಿದೆಯೇ ಎಂದು ಪರಿಶೀಲಿಸುತ್ತಲೇ ಇದ್ದೆ.

ಒತ್ತಡ ಏರಿತು. ಗಡಿಯಾರ ನೀರಿಗಿಳಿಯಿತು. ಒತ್ತಡವನ್ನು ಬಿಡತೊಡಗಿದ ಕ್ಷಣದಲ್ಲೇ ಬೆನ್ನಿನ ಅಂಚಿನಿಂದ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು, ಒಂದರ ಹಿಂದೊಂದು, ಸಾಲಾಗಿ ಎದ್ದವು. ಆಕೆ “ಅಯ್ಯೋ!” ಎಂದು ತಟ್ಟನೆ ಗಡಿಯಾರವನ್ನು ನೀರಿನಿಂದ ಮೇಲಕ್ಕೆಳೆದರು.

ಗೆದ್ದೆ.

ಮೊಮ್ಮಗಳು ಅಳಲಿಲ್ಲ. ವಾದಿಸಲೂ ಇಲ್ಲ. ಕೆಳತುಟಿಯನ್ನು ಕಚ್ಚಿಕೊಂಡಳು, ಅವಳ ತಾಯಿಯೂ ಹಾಗೆಯೇ ಮಾಡುತ್ತಿದ್ದಳು. “ಸರಿ ತಾತ. ಮಾತು ಕೊಟ್ಟಿದ್ದೆ. ನಡೀರಿ, ಮನೆಗೆ ಹೋಗೋಣ,” ಎಂದು ಚೀಲವನ್ನು ಹೆಗಲಿಗೆ ಹಾಕಿಕೊಂಡಳು.

ನಾನು ಏಳಲಿಲ್ಲ. “ಬಿಚ್ಚಿ ನೋಡಿ,” ಎಂದೆ. “ಕಾರಣ ತಿಳಿಯದೆ ನಾನು ಯಾವ ಲಿಫ್ಟನ್ನೂ ಫೇಲು ಮಾಡಿದವನಲ್ಲ.”

ಆಕೆ ಬೆನ್ನನ್ನು ಬಿಚ್ಚಿ ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿಕೊಂಡರು. ಬಹಳ ಹೊತ್ತು ನೋಡಿದರು. ಆಮೇಲೆ ಚಿಮುಟದಿಂದ ಉಂಗುರದ ಮೇಲಿನಿಂದ ಏನನ್ನೋ ಎತ್ತಿ ಬೆಳಕಿಗೆ ಹಿಡಿದರು. ಒಂದು ಕೂದಲು. ಬಿಳಿಯದು, ಗಿಡ್ಡ, ತುದಿಯಲ್ಲಿ ತುಸು ಸುರುಳಿ.

ಆಕೆಯ ತಲೆ ಕಡುಗಪ್ಪು. ಮೊಮ್ಮಗಳದೂ ಕಪ್ಪು. ಇಬ್ಬರೂ ನನ್ನ ಮೀಸೆಯನ್ನು ನೋಡಿದರು. ನಾನೂ ಕಣ್ಣು ಇಳಿಸಿ ನೋಡಿಕೊಳ್ಳಲು ಯತ್ನಿಸಿದೆ.

“ನನ್ನ ಸರ್ವೀಸಲ್ಲಿ ಮರಳು ನೋಡಿದೀನಿ, ಇರುವೆ ನೋಡಿದೀನಿ,” ಎಂದರು ಆಕೆ. “ತಪಾಸಣಾಧಿಕಾರಿಯ ಮೀಸೆ ಇದೇ ಮೊದಲು.”

“ಕ್ರಿಯಾಲೋಪ!” ಎಂದೆ. ದನಿ ಜೋರಾಗಿಯೇ ಬಂತು. ಗೋಡೆಯ ರೋಗಿಗಳಲ್ಲಿ ಒಂದು ಎಚ್ಚೆತ್ತು ಓಡತೊಡಗಿತೆಂದು ಮೊಮ್ಮಗಳು ಆಮೇಲೆ ಹೇಳಿದಳು. “ಪರೀಕ್ಷೆಗೆ ಒಳಗಾದದ್ದು ಗಡಿಯಾರವಲ್ಲ, ನನ್ನ ಮೀಸೆ. ಈ ಫಲಿತಾಂಶ ಊರ್ಜಿತವಲ್ಲ.”

“ಮರುಪರೀಕ್ಷೆ ಇಲ್ಲ ಅಂದೋರು ನೀವೇ ಅಂತಲ್ಲಾ ಸಾರ್?”

“ಅಂದದ್ದು ನಾನೇ. ಅಧ್ಯಕ್ಷೆಯ ಮುಂದೆ ಮೇಲ್ಮನವಿ ಸಲ್ಲಿಸುತ್ತೇನೆ.”

ಅಂಗಡಿಯಿಂದಲೇ ಮನೆಗೆ ಫೋನು ಮಾಡಿದೆ. ಪೂರ್ವಪಕ್ಷವನ್ನು ಮಂಡಿಸಿದೆ, ಖಂಡಿಸಿದೆ, ನಿಯಮದ ಆಶಯವೇನು ಅಕ್ಷರವೇನು ಎಂಬುದನ್ನು ಬಿಡಿಸಿ ಹೇಳಿದೆ. ಹೆಂಡತಿ ಎಲ್ಲವನ್ನೂ ಕೇಳಿ, “ರೀ, ನೀವೀಗ ಯಾರ ಪರವಾಗಿ ಮಾತಾಡ್ತಿದೀರಿ?” ಎಂದಳು.

“ನಿಯಮದ ಪರವಾಗಿ.”

“ಹೂಂ. ಆ ನಿಯಮ ಕಾಲೇಜಿಗೆ ಹೋಗತ್ತೆ, ಎರಡು ಜಡೆ ಹಾಕತ್ತೆ, ಅಲ್ವಾ?”

ಇದು ಅಪ್ರಸ್ತುತ. ಆದರೆ ತೀರ್ಪು ಹೊರಬಿತ್ತು: ಮರುಪರೀಕ್ಷೆಗೆ ಅನುಮತಿ. ಷರತ್ತು ಒಂದೇ, ಪರೀಕ್ಷೆಯ ಹೊತ್ತಿಗೆ ಮೀಸೆ ಅಂಗಡಿಯ ಹೊರಗಿರಬೇಕು.

ಏಪ್ರಿಲ್ 4, ಶನಿವಾರ

ಷರತ್ತಿನಂತೆ ನಾನು ಬೀದಿಯಲ್ಲಿ, ಗಾಜಿನ ಬಾಗಿಲಿನ ಆಚೆ ನಿಂತೆ. ಒಳಗೆ ಹೊಸ ಉಂಗುರ, ಹೊಸ ಜಿಡ್ಡು. ಆಕೆ ತಲೆಗೆ ಬಟ್ಟೆಯನ್ನೂ ಕಟ್ಟಿಕೊಂಡಿದ್ದರು; ಬೇಕೆಂದೇ, ನನಗೆ ಕಾಣುವಂತೆ.

ಟೈಲರ್ ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಬಂದು ಪಕ್ಕದಲ್ಲಿ ನಿಂತ. “ಹಳೇ ವಾಚು ಸಾರ್. ನೀರು ನುಗ್ಗೇ ನುಗ್ಗತ್ತೆ. ನಂಬೋಕಾಗಲ್ಲ,” ಎಂದ.

ನಾನು ಅವನಿಗೆ ಉತ್ತರಿಸಿದೆ. ಹಳತಾಗುವುದು ಉಂಗುರವೇ ಹೊರತು ಕವಚವಲ್ಲ; ಉಂಗುರವನ್ನು ಬದಲಾಯಿಸಬಹುದು. ನಂಬಿಕೆ ಎಂಬುದು ಯಂತ್ರ ಹುಟ್ಟುವಾಗಲೇ ಪಡೆದುಕೊಂಡು ಬರುವ ಗುಣವಲ್ಲ. ಪರೀಕ್ಷಿಸಿ, ಸರಿಪಡಿಸಿ, ಮತ್ತೆ ಪರೀಕ್ಷಿಸಿ ನಾವು ಅದರೊಳಗೆ ತುಂಬುವಂಥದ್ದು. ಎಂದೂ ಕೆಡದ ವಸ್ತು ಬೇಕೆಂದರೆ ಅದನ್ನು ಡ್ರಾಯರಿನಲ್ಲಿ ಇಟ್ಟುಕೊಳ್ಳಬೇಕು, ಆಗ ಅದು ಎರಡೇ ದಿನಕ್ಕೆ ನಿಲ್ಲುತ್ತದೆ. ಇನ್ನೂ ಹೇಳುವುದಿತ್ತು. ಬೀಗದಕೈಯವನೂ, ದಾರಿಹೋಕರಿಬ್ಬರೂ ಬಂದು ಸೇರಿದ್ದರು. ಅಷ್ಟರಲ್ಲಿ ಗಾಜಿನಾಚೆ ಮೊಮ್ಮಗಳು ನೆಲದಿಂದ ಒಂದು ಮೊಳ ಮೇಲಕ್ಕೆ ಹಾರಿದಳು.

ಒಂದು ಗುಳ್ಳೆಯೂ ಇಲ್ಲ.

ಬಾಗಿಲು ತೆರೆದು ಓಡಿಬಂದು ನನ್ನ ಕೊರಳಿಗೆ ಜೋತುಬಿದ್ದಳು. ನಡುಬೀದಿಯಲ್ಲಿ ಇದು ಸಭ್ಯತೆಯಲ್ಲವೆಂದು ಹೇಳಿದೆ. ಕೇಳಿಸಲಿಲ್ಲವೆಂದು ಕಾಣುತ್ತದೆ, ನಾನು ಜೋರಾಗಿ ಹೇಳಿರಲಿಲ್ಲ.

“ಸೋತ್ರಲ್ಲಾ ಸಾರ್,” ಎಂದು ಆಕೆ ಬಾಗಿಲಿನಿಂದ ಕೂಗಿದರು.

“ತಾಂತ್ರಿಕವಾಗಿ,” ಎಂದೆ.

ಟೈಲರ್ ಚಪ್ಪಾಳೆ ತಟ್ಟಿದ. ಭಾಷಣಕ್ಕೋ ಗಡಿಯಾರಕ್ಕೋ ತಿಳಿಯಲಿಲ್ಲ.

ಏಪ್ರಿಲ್ 11, ಶನಿವಾರ

ತರಬೇತಿಯ ಕೊಳ ಒಂದು ದೊಡ್ಡ ಛಾವಣಿಯ ಕೆಳಗಿದೆ. ನೀಲಿ ಹಂಚು, ಕ್ಲೋರಿನ್ ವಾಸನೆ, ಒಂದು ಮಾತಾಡಿದರೆ ನಾಲ್ಕಾಗಿ ಮರಳಿ ಬರುವ ಗೋಡೆಗಳು. ರಿಪೇರಿಯಾಕೆ ಅಂಗಡಿಗೆ ಬೀಗ ಹಾಕಿ ಬಂದಿದ್ದರು. “ನನ್ನ ಕೆಲಸ ನೀರಲ್ಲಿ ಹೇಗಿರತ್ತೆ ಅಂತ ನಾನೇ ಯಾವತ್ತೂ ನೋಡಿಲ್ಲ,” ಎಂದು ಹೆಂಡತಿಯ ಪಕ್ಕದಲ್ಲಿ ಕೂತರು. ಇಬ್ಬರೂ ಸೇರಿ ನನ್ನ ಮೀಸೆಯ ವಿಷಯವನ್ನು ಮೊದಲಿನಿಂದ ಚರ್ಚಿಸಿದರು.

ನಾನು ತರಬೇತುದಾರನಿಗೆ ಕೆಲವು ಪ್ರಶ್ನೆಗಳನ್ನು ಕೇಳಿದೆ. ಗಾಳಿಯ ಸಿಲಿಂಡರು, ಅದರ ಕೊಳವೆ, ಜೊತೆಗೆ ಇಳಿಯುವವರು ಯಾರು ಎಂಬ ಬಗ್ಗೆ. ಅವನು ಎಲ್ಲಕ್ಕೂ ಉತ್ತರಿಸಿದ. ಕೊನೆಗೆ ನನ್ನ ಹೆಂಡತಿಯತ್ತ ದೀನವಾಗಿ ನೋಡಿದ.

ಮೊಮ್ಮಗಳು ಕಪ್ಪು ಉಡುಪಿನ ತೋಳಿನ ಮೇಲೆ ಗಡಿಯಾರವನ್ನು ಕಟ್ಟಿದಳು. ಅದರ ಪಟ್ಟಿಯಲ್ಲಿ ಎರಡು ತೂತುಗಳು ಬಳಸಿ ಬಳಸಿ ಹಿಗ್ಗಿವೆ: ಒಂದು ಬರಿಗೈಗೆ, ಇನ್ನೊಂದು ನೀರಿನ ಉಡುಪಿನ ಮೇಲೆ ಕಟ್ಟಲು. ಎರಡನೆಯದಕ್ಕೆ ಕೊಕ್ಕೆ ತಾನಾಗಿ ಹೋಗಿ ಕೂತಿತು. ಆಮೇಲೆ ಬಳೆಯನ್ನು ತಿರುಗಿಸಿದಳು. ಕಟ್, ಕಟ್, ಕಟ್. ನನ್ನ ಮಗಳು ಊಟದ ಮೇಜಿನ ಬಳಿಯೂ ಸುಮ್ಮನೆ ಕೂತು ಹೀಗೆ ತಿರುಗಿಸುತ್ತಿದ್ದಳು, ಗದರಿದರೆ ನಗುತ್ತಿದ್ದಳು. ಆ ಸದ್ದು ನನಗೆ ನೆನಪಿದೆಯೆಂದೇ ನನಗೆ ತಿಳಿದಿರಲಿಲ್ಲ. ಗೋಡೆಗಳು ಅದನ್ನು ನಾಲ್ಕು ಸಲ ಹೇಳಿದವು.

ಇಳಿದಳು. ತಲೆ ಮರೆಯಾಯಿತು.

ಆಮೇಲೆ ಗುಳ್ಳೆಗಳು ಬಂದವು. ಅಂಗಡಿಯಲ್ಲಿ ಗುಳ್ಳೆ ಎಂದರೆ ಸೋಲು. ಇಲ್ಲಿ ಗುಳ್ಳೆ ಎಂದರೆ ಉಸಿರು. ದೊಡ್ಡ ದೊಡ್ಡ ಗುಳ್ಳೆಗಳು, ಅವಸರವಿಲ್ಲದೆ, ಒಂದು ಗೊಂಚಲು, ಮತ್ತೊಂದು ಗೊಂಚಲು. ಅವು ಕೊಳದ ಉದ್ದಕ್ಕೂ ಸರಿದಂತೆ ನಾನೂ ಅಂಚಿನಲ್ಲಿ ಸರಿದೆ. ಮಗಳು ಇಳಿಯುತ್ತಿದ್ದ ಸೇತುವೆಗಳ ಬಳಿ ನಾನು ಎಂದೂ ಹೀಗೆ ಹೋಗಿ ನಿಂತು ನೋಡಿರಲಿಲ್ಲ. ನೋಡಲು ಇಷ್ಟು ಚೆನ್ನಾಗಿರುತ್ತದೆಂದು ಮಗಳು ಹೇಳಿದ್ದಳೇನೋ.

ಆ ತುದಿಯಲ್ಲಿ ತಲೆ ಎದ್ದಿತು. “ತಾತ!” ಎಂದು ಕಿರುಚಿದಳು. “ಕೆಳಗೆ ಏನೂ ಇಲ್ಲ ತಾತ, ಬರೀ ಹಂಚು! ಎಷ್ಟು ಚೆನ್ನಾಗಿದೆ ಗೊತ್ತಾ!”

ಯಾರೋ ಬಹಳ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಅದು ನಾನೇ ಎಂಬುದು ಹೆಂಡತಿಯ ಹೇಳಿಕೆ. ಆ ಛಾವಣಿಯಡಿ ಪ್ರತಿಧ್ವನಿ ಬಹಳ, ಖಚಿತವಾಗಿ ಹೇಳಲಾಗದು.

ಗಡಿಯಾರದೊಳಗೆ ನೀರು ಹೋಗಿದೆಯೇ ಎಂದು ನೋಡಲು ಮರೆತೆ. ಮನೆಗೆ ಬಂದು ಕಾಫಿ ಕುಡಿಯುವಾಗ ನೆನಪಾಗಿ ಕೇಳಿದೆ. ಹೋಗಿಲ್ಲವಂತೆ.

ಏಪ್ರಿಲ್ 13, ಸೋಮವಾರ

ಕಾಗದದಲ್ಲಿ ಕಟ್ಟಿಟ್ಟಿದ್ದ ಮರಳನ್ನು ಮೊಮ್ಮಗಳಿಗೆ ಕೊಟ್ಟೆ. ಅವಳು ಅದನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿ, ಸಣ್ಣ ಗಾಜಿನ ಶೀಶೆಯಲ್ಲಿ ತುಂಬಿ, ತನ್ನ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದಾಳೆ. ಬಿಸಿಲು ಬೀಳುವ ಜಾಗ.

ಮಧ್ಯಾಹ್ನ ಅಂಗಡಿಗೆ ಹೋಗಿ ನನ್ನ ಕೈಗಡಿಯಾರವನ್ನು ಬಿಚ್ಚಿ ಗಾಜಿನ ಮೇಲಿಟ್ಟೆ. ನಿವೃತ್ತಿಯ ದಿನ ಕಚೇರಿಯವರು ಕೊಟ್ಟದ್ದು. ಕೈ ತೊಳೆಯುವಾಗಲೂ ಬಿಚ್ಚಿಡಬೇಕು.

“ಏನಾಗಿದೆ ಸಾರ್ ಇದಕ್ಕೆ? ಚೆನ್ನಾಗೇ ಓಡ್ತಿದೆಯಲ್ಲಾ.”

“ನೀರು ತಡೆಯುವಂತೆ ಮಾಡಿಕೊಡಿ.”

ಪೆಪ್ಪರ್‌ಮಿಂಟು ನಿಂತಿತು. “ಎಷ್ಟು ಆಳಕ್ಕೆ?”

“ಮೊಣಕಾಲಿನಷ್ಟು.”

“ಮೊಣಕಾಲುದ್ದ ನೀರಲ್ಲಿ ಕೈ ಯಾಕೆ ನೆನೆಯತ್ತೆ?”

“ಕಾಲು ಜಾರಿ ಬಿದ್ದರೆ? ಮೊಮ್ಮಗಳು ಕೊಳದ ಮೊದಲ ಮೂರು ಮೆಟ್ಟಿಲು ಇಳಿಸುತ್ತೇನೆ ಎಂದಿದ್ದಾಳೆ. ತಪ್ಪಾದರೂ ಬದುಕುವ ಕಡೆಗೇ ತಪ್ಪಾಗಬೇಕು.”

ಆಕೆ ಗಡಿಯಾರವನ್ನು ತಿರುಗಿಸಿ ಬೆನ್ನನ್ನು ನೋಡಿದರು. ಭೂತಗನ್ನಡಿಯನ್ನು ಇಳಿಸಿಕೊಂಡರು. ನಾನು ಅಭ್ಯಾಸಬಲದಿಂದ ಬಗ್ಗಿದೆ.

“ಮೀಸೆ, ಸಾರ್,” ಎಂದರು ಆಕೆ, ತಲೆ ಎತ್ತದೆ.

ಎರಡು ಹೆಜ್ಜೆ ಹಿಂದೆ ಸರಿದು ನಿಂತೆ.